ವೇಟಿಂಗ್ ಲಿಸ್ಟಿನ ಅಮೃತಪ್ಪ ಮತ್ತು ನೂರಾ ನಲವತ್ತೊಂದನೆಯ ಮಷಿನ್

ವಾಡಿ ಜಂಕ್ಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತನಾದ ಅಮೃತಪ್ಪನಿಗೆ ಒಂದೇ ಒಂದು ವಿದ್ಯೆ ಒಲಿದಿತ್ತು. ವೇಟಿಂಗ್ ಲಿಸ್ಟಿನ ನಂಬರು ಹೇಳಿದರೆ ಸಾಕು, ಕನ್ನಡಕ ಹಣೆಗೇರಿಸಿ, ಒಂದು ಕ್ಷಣ ತಲೆಯ ಮೇಲಿನ ಮಾಳಿಗೆ ನೋಡಿ, "ಆಗ್ತದ, ಹಾಸಿಗಿ ಕಟ್ರಿ" ಎನ್ನುತ್ತಿದ್ದ. ಇಲ್ಲವೇ, "ಆಗೂದಿಲ್ಲ, ಬಸ್ ಹಿಡೀರಿ." ಹತ್ತರಲ್ಲಿ ಒಂಬತ್ತು ಸಲ ಅದು ನಿಜವಾಗುತ್ತಿತ್ತು. ಹತ್ತನೆಯವನು ಹೇಗೂ ರೈಲಿನ ಬಾಗಿಲಲ್ಲಿ ನಿಂತು ಹೈದರಾಬಾದಿನ ದಾರಿ ಹಿಡಿದಿರುತ್ತಿದ್ದನಾದ್ದರಿಂದ ಜಗಳಕ್ಕೆ ಬರುತ್ತಿರಲಿಲ್ಲ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಗಡಿಯಾರ ಕೊಟ್ಟರು. ಮರುದಿನದಿಂದ ಅವನ ವಿದ್ಯೆಗೆ ಗಿರಾಕಿಯೇ ಇಲ್ಲದಂತಾಯಿತು. ಈಗ ಫೋನೇ ಹೇಳಿಬಿಡುತ್ತದೆ, ಟಿಕೆಟ್ಟು ಖಾತ್ರಿಯಾಗುವ ಸಂಭವ ನೂರಕ್ಕೆ ಎಷ್ಟು ಎಂದು. ಅಮೃತಪ್ಪ ಒಂದು ವರ್ಷ ಮನೆಯಲ್ಲಿ ಕೂತು ಹೆಂಡತಿ ಶಿವಕಾಂತಮ್ಮನ ಕುಕ್ಕರು ಎಷ್ಟನೆಯ ನಿಮಿಷಕ್ಕೆ ಕೂಗುತ್ತದೆ ಎಂದು ಅಂದಾಜು ಮಾಡಿದ. ಆಕೆ ಒಂದು ದಿನ ಕೈಮುಗಿದು, "ಹೊರಗ ಎಲ್ಲಿಗಾರ ಹೋಗ್ರಿ, ಅನ್ನ ತಾನ ಬೇಯ್ತದ" ಅಂದಳು.

ಆಗ ಬಂತು ಮಷಿನ್ನಿನ ವಿಷಯ.

ವಾಡಿ, ಶಹಾಬಾದ, ಚಿತ್ತಾಪುರದ ಸುತ್ತ ನೆಲ ಎರಡು ಮೊಳ ಬಗೆದರೆ ಮನೆಗೆ ಹಾಸುವ ಫರ್ಸಿ ಕಲ್ಲು. ಖಣಿಯ ಕಲ್ಲಿನ ಮೇಲೆ ಹಳಿ ಹಾಸಿ, ಅದರ ಮೇಲೆ ಬ್ಲೇಡಿನ ಗಾಡಿ ಓಡಿಸಿ, ರೊಟ್ಟಿ ಕತ್ತರಿಸಿದ ಹಾಗೆ ಗೆರೆ ಕೊಯ್ಯುವ ಹೊಸ ನಮೂನೆಯ ಕಟಿಂಗ್ ಮಷಿನ್ ಒಂದು ಬಂದಿತ್ತು. ಹಳೆಯದಕ್ಕಿಂತ ಅರ್ಧ ಧೂಳು, ಎರಡರಷ್ಟು ಕೆಲಸ. ಎಲ್ಲರಿಗೂ ಅದೇ ಬೇಕು. ಚಿತ್ತಾಪುರದ ಏಜೆಂಟ್ ಸಂಗಣ್ಣ ಬುಕಿಂಗ್ ತೆಗೆದುಕೊಂಡ. ಶುಭವಾಗಲೆಂದು ರಸೀದಿ ನಂಬರನ್ನು ನೂರಾ ಒಂದರಿಂದ ಶುರು ಮಾಡಿದ. ದಸರೆ ಮುಗಿದ ಮೇಲೆ ನಂಬರಿನ ಪ್ರಕಾರ ಒಂದೊಂದೇ ಮಷಿನ್ ಬರುತ್ತದೆ ಎಂದ. ಅಲ್ಲಿಂದಾಚೆಗೆ ಯಾರು ಏನು ಕೇಳಿದರೂ ಅವನದೊಂದೇ ಉತ್ತರ: "ಮುಂದಿನ ವಾರ." ಕಂಪನಿಯೋ ಎಲ್ಲೋ ದೂರದ ರಾಜ್ಯದ್ದು. ಫೋನ್ ಮಾಡಿದರೆ ಹಾಡು ಕೇಳಿಸುತ್ತಿತ್ತು, ಹಾಡು ಮುಗಿದರೆ ಮತ್ತದೇ ಹಾಡು.

ಕಾಯುವವರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದರು. ಹೆಸರು, 'ಮಷಿನ್ ಯಾವಾಗ?' ಸೇಡಂನಿಂದ ಶಹಾಬಾದದವರೆಗೆ ಅರವತ್ಮೂರು ಜನ. ಯಾರೋ ಪುಣ್ಯಾತ್ಮರು, "ನಮ್ಮ ರಿಸರ್ವೇಶನ್ ಅಮೃತಪ್ಪ ಕಾಕಾಗ ಕೇಳ್ರಿ, ಲೆಕ್ಕಾ ಹಾಕಿ ಹೇಳ್ತಾರ" ಎಂದರು. ಅಮೃತಪ್ಪ ಎರಡು ನೂರು ಪುಟದ ಹೊಸ ನೋಟುಬುಕ್ಕು ತಂದು, ರೂಲು ಹಾಕಿ, ಮೊದಲ ಪುಟದಲ್ಲಿ ಅರಿಶಿನ ಕುಂಕುಮ ಹಚ್ಚಿ, ಗುಂಪಿನಲ್ಲಿ ಒಂದು ಸೂಚನೆ ಹೊರಡಿಸಿದ: ಪ್ರತಿಯೊಬ್ಬರೂ ರಸೀದಿ ನಂಬರು ಮತ್ತು ಬುಕ್ ಮಾಡಿದ ತಾರೀಖು ತಿಳಿಸಬೇಕು, ಮಷಿನ್ ಬಂದ ದಿನ ತಪ್ಪದೆ ತಿಳಿಸಬೇಕು.

ಅರವತ್ಮೂರರಲ್ಲಿ ಇಪ್ಪತ್ನಾಲ್ಕು ಜನ ತಿಳಿಸಿದರು. ಅದರಲ್ಲೂ ಒಬ್ಬ ರಸೀದಿಯ ಫೋಟೋ ಕಳಿಸಿದ್ದ, ನಂಬರಿನ ಮೇಲೆ ಸರಿಯಾಗಿ ಅವನ ಹೆಬ್ಬೆಟ್ಟಿತ್ತು. ಇನ್ನೊಬ್ಬ ತನ್ನ ಮೋಟರ್‌ಸೈಕಲ್ ನಂಬರು ಕಳಿಸಿದ್ದ. ಮತ್ತೊಬ್ಬ, "ನಂದು ಚನ್ನುನ ನಂಬರಿಗಿ ಮುಂದಿಂದು" ಎಂದು ಬರೆದ. ಗುಂಪಿನಲ್ಲೇ ಇದ್ದ ಆಡಕಿಯ ಚನ್ನು ತನ್ನ ನಂಬರು ನೂರಾ ಇಪ್ಪತ್ತಾರು ಎಂದು ಒಮ್ಮೆ ಹೇಳಿ ಮೌನವ್ರತ ಹಿಡಿದ. ಉಳಿದವರು ದಿನಾ ಬೆಳಿಗ್ಗೆ ಗುಲಾಬಿ ಹೂವು ಕಳಿಸುತ್ತಿದ್ದರು.

ಇಷ್ಟರಲ್ಲಿ ಅಮೃತಪ್ಪ ಲೆಕ್ಕ ಹಾಕಬೇಕಿತ್ತು. ಹಾಕಿದ. ಹೊಸ ವರ್ಷದ ಹೊತ್ತಿಗೆ ಮಷಿನ್ ಬಂತೆಂದು ಗುಂಪಿನಲ್ಲಿ ಹೇಳಿದವರು ಮೂವರು: ನೂರಾ ನಾಲ್ಕು, ನೂರಾ ಏಳು, ನೂರಾ ಒಂಬತ್ತು. ಮೂರು ತಿಂಗಳಿಗೆ ಒಂಬತ್ತು ಮಷಿನ್, ಅಂದರೆ ತಿಂಗಳಿಗೆ ಮೂರು. ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ತನ್ನ ಲೆಕ್ಕದ ಅಂದಕ್ಕೆ ತಾನೇ ತಲೆದೂಗಿದ.

ಆ ಲೆಕ್ಕ ನಂಬಿ ಬಂದವಳು ಲಾಲಮ್ಮ.

ಲಾಲಮ್ಮ ದಂಡೋತಿ ಕಡೆಯವಳು. ಇಪ್ಪತ್ತೆರಡು ವರ್ಷ ಬೇರೆಯವರ ಖಣಿಯಲ್ಲಿ ಫರ್ಸಿ ಹೊತ್ತವಳು. ಗಂಡ ತೀರಿಕೊಂಡ ಮೇಲೆ ಪಾಲಿಗೆ ಬಂದ ಒಂದೂವರೆ ಎಕರೆಯ ಕೆಳಗೆ ಕಲ್ಲಿದೆ ಎಂದು ಗೊತ್ತಾದಾಗ, ತಮ್ಮ ಮಾಣಿಕಪ್ಪನನ್ನು ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದು ಪರವಾನಗಿ ತಂದಿದ್ದಳು. ಆ ಕಾಗದದಲ್ಲಿ ಒಂದು ಸಾಲಿತ್ತು. ಜನವರಿ ಮೂವತ್ತೊಂದರೊಳಗೆ ಜಾಗದಲ್ಲಿ ಮಷಿನ್ ನಿಂತಿರಬೇಕು, ಇಲ್ಲವಾದರೆ ಪರವಾನಗಿ ರದ್ದು. ಅವಳ ರಸೀದಿ ನಂಬರು ನೂರಾ ನಲವತ್ತೊಂದು.

"ಅಣ್ಣಾರ, ನಂದು ಯಾವಾಗ ಬರ್ತದ್ರಿ?" ಎಂದು ಅಮೃತಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದಳು.

ಅಮೃತಪ್ಪ ಕನ್ನಡಕ ಹಣೆಗೇರಿಸಿದ. ಮಾಳಿಗೆ ನೋಡಿದ. "ಮುಂದಿನ ದೀಪಾವಳಿ ದಾಟ್ತದ ತಂಗಿ."

ಲಾಲಮ್ಮ ಚೀಲದಿಂದ ರಸೀದಿ ತೆಗೆದು ನಂಬರನ್ನು ಮತ್ತೊಮ್ಮೆ ನೋಡಿದಳು. ಆಮೇಲೆ, "ವಾಡಿ ತೌಸೀಫ್ ಭಾಯಿದು ಹಳೀ ಮಷಿನ್ ಅದ. ಬುಕಿಂಗ್ ಕ್ಯಾನ್ಸಲ್ ಮಾಡಿ ಅದನ್ನ ತಗೋತೀನಿ. ಎರಡಕ್ಕೂ ನನ್ನ ಕೈ ಸಾಲಂಗಿಲ್ಲ" ಅಂದಳು.

"ಅದು ನಾಕ್ ದಿನ ಓಡಿದ್ರ ಆರ್ ದಿನ ನಿಲ್ತದಲ್ಲ?"

"ಖರೆ. ಆದ್ರ ಜಾಗಾದಾಗ ಮಷಿನ್ ನಿಂತಿರಬೇಕು ಅಂತ ಬರದಾರ. ನಿಲ್ಲೂದಕ್ಕ ಅದು ಭಾಳ ಚೊಲೊ ಅದ." ನಕ್ಕಳು. ನಗುವಾಗಲೂ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಬರುವ ಸೋಮವಾರ ಹನ್ನೊಂದಕ್ಕೆ ಸಂಗಣ್ಣನ ಅಂಗಡಿಯಲ್ಲಿ ಕ್ಯಾನ್ಸಲ್ ಅರ್ಜಿಗೆ ಸಹಿ ಎಂದು ಹೇಳಿ ಹೋದಳು.

ಆ ಭಾನುವಾರ ಶಿವಕಾಂತಮ್ಮ ಆಡಕಿ ಊರಿಗೆ ಚನ್ನುನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಚನ್ನು ಆಕೆಯ ಚಿಕ್ಕಪ್ಪನ ಮಗ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಏನ್ರೀ, ನಮ್ಮ ಚನ್ನುಗ ಈ ವರ್ಷ ಶೇಂಗಾ ಭಾಳ ಬಂದಾದ ಅಂತ. ಅಂಗಳದಾಗ ಇಷ್ಟೆತ್ತರ ಒಟ್ಟಿ ತಾಡಪತ್ರಿ ಹೊಚ್ಚ್ಯಾನ. ನಾಕೂ ಮೂಲಿಗಿ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟ್ಯಾನ."

"ಶೇಂಗಾಕ್ಕ ಯಾರು ನಿಂಬಿಹಣ್ಣು ಕಟ್ತಾರ?"

"ನಾನೂ ಅದೇ ಕೇಳ್ದೆ. ದೃಷ್ಟಿ ಆಗ್ತದ ಅಂದ. ಹುಡುಗ್ರು ಹತ್ರ ಹೋದ್ರ ಬಡಿಗಿ ತಗೊಂಡು ಓಡಿ ಬರ್ತಾನ. ಮತ್ತ ಆ ಶೇಂಗಾಕ್ಕ ಗಾಲಿ ಅವ ನೋಡ್ರಿ."

ಅಮೃತಪ್ಪ ಚಹಾದ ಕಪ್ಪು ಕೆಳಗಿಟ್ಟ. "ಎಷ್ಟು ಗಾಲಿ?"

"ಕಂಡದ್ದು ಎರಡು. ಕಬ್ಬಿಣದವು."

ಅಮೃತಪ್ಪ ಎದ್ದು ನೋಟುಬುಕ್ಕು ತಂದ. ನೂರಾ ಇಪ್ಪತ್ತಾರು ಬಂದುಬಿಟ್ಟಿದೆ. ಅವನ ನೋಟುಬುಕ್ಕಿನಲ್ಲಿ ಗಾಡಿ ಇನ್ನೂ ನೂರಾ ಒಂಬತ್ತರಲ್ಲಿ ನಿಂತಿದೆ.

ಪುಟ ತಿರುವಿ ನೋಡಿದ. ಬಂತೆಂದು ಹೇಳಿದ ಮೂವರೂ ಏನೆಂದು ಹೇಳಿದ್ದರು? ನೂರಾ ನಾಲ್ಕು ಬರೆದಿದ್ದ: ಬಂದದ, ಬಣ್ಣ ಕಿತ್ತದ. ನೂರಾ ಏಳು: ಬಂದದ, ಒಂದು ಗಾಲಿ ಸಣ್ಣದು. ನೂರಾ ಒಂಬತ್ತು: ಬಂದದ, ನಾಕು ಬೋಲ್ಟ್ ಇಲ್ಲ. ಮೂವರೂ ಹೇಳಿದ್ದು ದೂರಿದ್ದ ಕಾರಣಕ್ಕೆ. ದೂರಿಲ್ಲದವರು ಬಾಯಿಯೇ ಬಿಟ್ಟಿಲ್ಲ. ಪೂಜೆಗೆ ಒಳ್ಳೆಯ ದಿನ ಸಿಗುವವರೆಗೆ ತಾಡಪತ್ರಿ ಹೊಚ್ಚಿ ಕೂತಿದ್ದಾರೆ. ದೃಷ್ಟಿಯ ಭಯ ಒಂದಾದರೆ, ಸುದ್ದಿ ಹರಡಿದ ಕೂಡಲೇ ಪಕ್ಕದ ಖಣಿಯವ ಬಂದು "ಒಂದಿನ ಕೊಡಪ್ಪ" ಎನ್ನುವ ಭಯ ಇನ್ನೊಂದು.

ಇದು ಅಮೃತಪ್ಪನಿಗೆ ಗೊತ್ತಿಲ್ಲದ ವಿಷಯವೇ? ಮೂವತ್ತೊಂದು ವರ್ಷ ಕೌಂಟರಿನಲ್ಲಿ ಕೂತವನು. ಟಿಕೆಟ್ ಖಾತ್ರಿಯಾದ ಒಬ್ಬನೇ ಒಬ್ಬ ಪ್ರಯಾಣಿಕ ತಿರುಗಿ ಬಂದು, "ಸಾಹೇಬ್ರ, ನಂದು ಆಯ್ತು" ಎಂದು ಹೇಳಿದ್ದುಂಟೆ? ಕಿಂಡಿಯಲ್ಲಿ ಮುಖ ತೂರಿಸುವವರೆಲ್ಲ ಆಗದವರೇ. ಅಲ್ಲಿ ಅವನು ಜನರ ಮಾತು ಕೇಳುತ್ತಿರಲಿಲ್ಲ, ಚಾರ್ಟು ನೋಡುತ್ತಿದ್ದ. ಇಲ್ಲಿ ಚಾರ್ಟಿಲ್ಲವೆಂದು ಜನರ ಮಾತನ್ನೇ ಚಾರ್ಟು ಮಾಡಿಕೊಂಡು ಅದಕ್ಕೆ ಕುಂಕುಮ ಹಚ್ಚಿದ್ದ.

"ನಾಳಿ ಹನ್ನೊಂದಕ್ಕ ಆಕಿ ಸಹಿ ಹಾಕ್ತಾಳ" ಅಂದ.

"ಮತ್ತ ಫೋನ್ ಮಾಡ್ರಿ."

ಮಾಡಿದ. ಬಂದ್ ಇತ್ತು. ಲಾಲಮ್ಮನ ಮನೆಯಲ್ಲಿ ಇರುವ ಒಂದೇ ಫೋನು ಹೆಚ್ಚಾಗಿ ಅವಳ ಮಗಳು ಕರುಣಾಳ ಕೈಯಲ್ಲಿರುತ್ತಿತ್ತು. ಸಂಗಣ್ಣನಿಗೆ ಮಾಡಿದ. ಸಂಗಣ್ಣ ಗುಂಪಿನವರ ಫೋನು ಎತ್ತುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಎತ್ತಿದ್ದರೂ ಹೇಳುವುದೇನು? ಚನ್ನುನದೊಂದು ಬಂದಿದೆ, ಸರಿ. ನೂರಾ ನಲವತ್ತೊಂದು ತಿಂಗಳೊಳಗೆ ಬರುತ್ತದೆಯೇ? ಒಮ್ಮೆ ಸುಳ್ಳು ಅಂದಾಜು ಹೇಳಿ ಒಬ್ಬಳ ಬುಕಿಂಗ್ ಕಳೆಯುವುದು ಒಂದು ತಪ್ಪು. ಇನ್ನೊಂದು ಸುಳ್ಳು ಅಂದಾಜು ಹೇಳಿ ಪರವಾನಗಿಯನ್ನೇ ಕಳೆಯುವುದು ಅದಕ್ಕಿಂತ ದೊಡ್ಡದು. ಚಾರ್ಟು ಬೇಕು. ಜನ ಬಾಯಿ ಬಿಡದಿದ್ದರೂ ತಾನಾಗಿ ತುಂಬುವ ಚಾರ್ಟು.

ಶಿವಕಾಂತಮ್ಮ ಕಾಯಿಪಲ್ಯ ಹೆಚ್ಚುತ್ತ, "ಮಷಿನ್ ಮುಚ್ಚಿಡಬಹುದ್ರಿ. ಅದಕ್ಕ ಹಚ್ಚೋ ಬ್ಲೇಡ್ ಯಾರರ ಅಂಗಡಿಯಿಂದನ ತರಬೇಕಲ್ಲ" ಅಂದಳು, ಈಳಿಗೆಯಿಂದ ಕಣ್ಣೆತ್ತದೆ.

ಅಮೃತಪ್ಪ ಹೆಂಡತಿಯನ್ನು ನೋಡಿದ. ಕುಕ್ಕರಿನ ವಿಷಯದಲ್ಲಿ ತಾನು ತೋರಿದ ಜಾಣತನವೆಲ್ಲ ನೆನಪಾಗಿ ನಾಚಿಕೆಯಾಯಿತು.

ಹೊಸ ಮಷಿನ್ನಿಗೆ ಹಿಡಿಸುವ ಅಳತೆಯ ಬ್ಲೇಡ್ ಈ ಭಾಗದಲ್ಲಿ ಮಾರುವವನು ಶಹಾಬಾದದ ತಾಹಿರ್ ಒಬ್ಬನೇ. ಸೋಮವಾರ ಬೆಳಿಗ್ಗೆ ಅವನು ಅಂಗಡಿಯ ಬಾಗಿಲೆತ್ತುವಾಗ ಅಮೃತಪ್ಪ ಮೆಟ್ಟಿಲ ಮೇಲೆ ಕೂತಿದ್ದ.

"ಅರೆ ಕಾಕಾ! ಬರ್ರಿ, ಕುಂದ್ರಿ. ನೀವೂ ಖಣಿ ಹಾಕ್ದ್ರೇನು?"

"ನಾ ಹಾಕಿದ್ದು ಬರೀ ಲೆಕ್ಕ. ತಾಹಿರ್, ಹೊಸ ಮಷಿನ್ ಬ್ಲೇಡ್ ಎಷ್ಟು ಮಂದಿ ಒಯ್ದಾರ?"

ತಾಹಿರ್ ಬೀದಿಯ ಎರಡೂ ಕಡೆ ನೋಡಿದ. "ಹೆಸರು ಕೇಳಬ್ಯಾಡ್ರಿ ಕಾಕಾ. ಒಬ್ಬೊಬ್ಬರೂ ಯಾರಿಗೂ ಹೇಳಬ್ಯಾಡ ಅಂತ ಕಸಮ್ ಹಾಕಿಸ್ಯಾರ. ಒಬ್ಬಾಂವ ಬ್ಲೇಡ್‌ಗೆ ಹೆಂಡ್ತಿ ಸೀರಿ ಸುತ್ತಿ ಒಯ್ದಾನ, ಸೀರಿ ಅಂಗಡಿಯಿಂದ ಬಂದೋರ ಹಂಗ."

"ಹೆಸರು ಬ್ಯಾಡ. ಎಷ್ಟು ಬ್ಲೇಡ್ ಹೋಗ್ಯಾವ, ಅಷ್ಟ ಹೇಳು."

"ಎಪ್ಪತ್ತೆರಡು."

ಅಮೃತಪ್ಪನ ಬಾಯಿ ತೆರೆಯಿತು. ಆದರೆ ಈ ಸಲ ಅವನು ಮಾಳಿಗೆ ನೋಡಲಿಲ್ಲ. "ತಡಿ. ಒಬ್ಬ ಎಷ್ಟು ಒಯ್ತಾನ?"

"ಮೊದಲ ಸಲ ಎಲ್ರೂ ಎರಡೇ. ಒಂದು ಹಚ್ಚಾಕ, ಒಂದು ಇಡಾಕ."

"ಎರಡನೇ ಸಲ ಬಂದೋರು?"

"ಅವ್ರು ಸವದ ಬ್ಲೇಡ್ ತಂದು ಬದಲಿ ಒಯ್ತಾರ. ಅದು ಬ್ಯಾರೆ ಲೆಕ್ಕದ ವಹಿ. ಎಪ್ಪತ್ತೆರಡರಾಗ ಅವು ಇಲ್ಲ. ಯಾಕ ಕಾಕಾ, ಮುಖ ಹಂಗ್ಯಾಕ ಆಯ್ತು? ಚಹಾ ತರಿಸ್ಲಾ?"

ಎಪ್ಪತ್ತೆರಡು ಬ್ಲೇಡ್ ಅಂದರೆ ಮೂವತ್ತಾರು ಮಷಿನ್. ನೂರಾ ಮೂವತ್ತಾರರವರೆಗೆ ಬಂದಿದೆ. ದಸರೆ ಮುಗಿದು ಹದಿನಾಲ್ಕು ವಾರ. ವಾರಕ್ಕೆ ಎರಡೂವರೆಗಿಂತ ಒಂದು ಚೂರು ಹೆಚ್ಚು. ಲಾಲಮ್ಮನ ಮುಂದೆ ಇನ್ನು ನಾಲ್ಕೇ, ಐದನೆಯದು ಅವಳದು. ಎರಡು ವಾರ. ಇವತ್ತು ಹನ್ನೆರಡು, ಎಂದರೆ ಇಪ್ಪತ್ತಾರರ ಆಸುಪಾಸು. ಐದು ದಿನದ ಸಡಿಲು.

"ಚಹಾ ಆಮ್ಯಾಲ" ಎಂದು ಅಮೃತಪ್ಪ ಎದ್ದ. ಮೊದಲು ಸಿಕ್ಕಿದ ಟಂಟಂ ಆಟೋದಲ್ಲಿ ವಾಡಿಗೆ ಬಂದ. ಅದು ತುಂಬುವವರೆಗೆ ಡ್ರೈವರ್ ಹೊರಡಲಿಲ್ಲವಾದ್ದರಿಂದ ಇಪ್ಪತ್ತು ನಿಮಿಷ ಅಲ್ಲೇ ಹೋಯಿತು. ಅಲ್ಲಿಂದ ಚಿತ್ತಾಪುರಕ್ಕೆ ಜೀಪು. ಸಂಗಣ್ಣನ ಅಂಗಡಿಯ ಗಡಿಯಾರ ಹನ್ನೊಂದೂ ಐದು ತೋರಿಸುತ್ತಿತ್ತು.

ಲಾಲಮ್ಮ ಮೇಜಿನ ಎದುರು ಕೂತಿದ್ದಳು, ಕೈಯಲ್ಲಿ ಪೆನ್ನಿತ್ತು. ಪಕ್ಕದಲ್ಲಿ ಮಾಣಿಕಪ್ಪ. ಗೋಡೆಗೆ ಒರಗಿ ಹಳೆಯ ಮಷಿನ್ನಿನ ತೌಸೀಫ್. ಅರ್ಜಿ ಖಾಲಿ ಇತ್ತು, ಯಾಕೆಂದರೆ ಸಂಗಣ್ಣನ ಪೆನ್ನು ಬರೆಯುತ್ತಿರಲಿಲ್ಲ, ಲಾಲಮ್ಮ ಅದನ್ನು ಜಾಡಿಸುತ್ತಿದ್ದಳು.

"ಸಹಿ ಹಾಕಬ್ಯಾಡ ತಂಗಿ!" ಎಂದು ಅಮೃತಪ್ಪ ಬಾಗಿಲಿನಿಂದಲೇ ಕೂಗಿದ. ಏದುಸಿರು ಬಿಡುತ್ತ ಇದ್ದದ್ದೆಲ್ಲ ಹೇಳಿದ: ತಾಡಪತ್ರಿ, ಬ್ಲೇಡು, ಮೂವತ್ತಾರು, ಇಪ್ಪತ್ತಾರು.

ಲಾಲಮ್ಮ ಪೆನ್ನು ಕೆಳಗಿಡಲಿಲ್ಲ. "ಹೋದ ವಾರ ದೀಪಾವಳಿ ಅಂದ್ರಿ. ಇವತ್ತು ಜನವರಿ ಅಂತೀರಿ. ನಾಳಿ ಏನಂತೀರಿ ಅಣ್ಣಾರ?"

"ಹೋದ ವಾರ ಅಂದದ್ದು ತಪ್ಪು. ಬಂದೋರು ಹೇಳ್ತಾರ ಅಂತ ತಿಳ್ಕೊಂಡಿದ್ದೆ. ಮೂವತ್ತೊಂದು ವರ್ಷ ನೌಕರಿ ಮಾಡಿದ್ದು ದಂಡ." ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳ ಎದುರು ಇದನ್ನು ಹೇಳಿದಾಗ ಕಿವಿ ಬಿಸಿಯಾಯಿತು.

ಮಾಣಿಕಪ್ಪ ಸಂಗಣ್ಣನ ಕಡೆ ತಿರುಗಿದ. "ನೀವಾರ ಹೇಳ್ರಿ, ನೂರಾ ನಲವತ್ತೊಂದು ಯಾವಾಗ?"

"ಮುಂದಿನ ವಾರ" ಅಂದ ಸಂಗಣ್ಣ.

ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಗ ಅಮೃತಪ್ಪನ ಕಣ್ಣು ತೌಸೀಫ್‌ನ ಮೇಲೆ ಬಿತ್ತು. "ತೌಸೀಫ್, ನೀನೂ ಹೊಸದು ಬುಕ್ ಮಾಡಿದ್ದಿ. ನಿಂದು ಖಣಿ ಇನ್ನೂ ನಡದದ. ಹೊಸದು ಬರದ ಹಳೀದು ಯಾಕ ಮಾರಾಕತ್ತೀದಿ?"

ತೌಸೀಫ್ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದ.

"ಭೈಯಾ," ಅಂದಳು ಲಾಲಮ್ಮ ಮೆಲ್ಲಗೆ. "ನಿಮ್ದು ಬಂದದ ಏನು?"

"ಅಕ್ಕಾ... ಮನ್ಯಾಗ ಮಹೆವಿಶ ಯಾರಿಗೂ ಹೇಳಬ್ಯಾಡ ಅಂದಾಳ."

"ನಿಮ್ಮ ಹೆಂಡ್ತಿಗಿ ನಾ ಹೇಳೂದಿಲ್ಲ."

"ಬಂದದ. ಎರಡನೇ ತಾರೀಖಿಗಿ. ನಂದು ನೂರಾ ಮೂವತ್ತೆರಡು." ಒಂದೇ ಉಸಿರಿಗೆ ಹೇಳಿ ಮುಗಿಸಿ, "ಕಬ್ಬಿನ ಸೋಗಿ ಒಟ್ಟಿ ಮುಚ್ಚೀನಿ" ಎಂದು ಸೇರಿಸಿದ. ಅಂಗಡಿಗೆ ಅಂಗಡಿಯೇ ನಕ್ಕಿತು. ತೌಸೀಫ್ ತಲೆ ಕೆರೆದುಕೊಂಡು, "ನಿಮ್ದು ಇಷ್ಟು ಹತ್ರ ಬಂದದ ಅಂತ ನನಗ ಖರೆ ಗೊತ್ತಿದ್ದಿಲ್ಲ ಅಕ್ಕಾ. ಕಾಕಾನ ದೀಪಾವಳಿ ಅಂದಿದ್ರಲ್ಲ" ಎಂದ.

ಹತ್ತು ದಿನದ ಹಿಂದೆ ನೂರಾ ಮೂವತ್ತೆರಡು. ಇವತ್ತು ನೂರಾ ಮೂವತ್ತಾರು. ಅಮೃತಪ್ಪ ಬೆರಳು ಮಡಚಿ ನೋಡಿದ, ಲೆಕ್ಕ ಕೂಡಿತು. ಮೂರು ತಿಂಗಳಲ್ಲಿ ಮೊದಲ ಸಲ ಅವನ ಅಂದಾಜಿಗೆ ಯಾವನೋ ಒಬ್ಬ ಬಾಯಿಬಿಟ್ಟು ಸಾಕ್ಷಿ ನುಡಿದಿದ್ದ.

ಲಾಲಮ್ಮ ಸಹಿಯಿಲ್ಲದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. "ಇದನ್ನ ಜ್ವಾಕಿಯಿಂದ ಇಟ್ಕೋತೀನಿ. ಮೂವತ್ತೊಂದಕ್ಕ ಬರ್ಲಿಲ್ಲಂದ್ರ ತಂದು ನಿಮ್ಮ ಬಾಗಿಲಿಗಿ ಹಚ್ತೀನಿ ಅಣ್ಣಾರ. ಹೋಗೋರು ಬರೋರು ಓದ್ಲಿ."

"ಹಚ್ಚು ತಂಗಿ" ಅಂದ ಅಮೃತಪ್ಪ.

ಅಂದದ್ದೇನೋ ಅಂದ. ಆಮೇಲಿನ ಹದಿನೈದು ದಿನ ಅವನಿಗೆ ಊಟ ಸೇರಲಿಲ್ಲ. ದಿನ ಬಿಟ್ಟು ದಿನ ತಾಹಿರ್‌ನ ಅಂಗಡಿಗೆ ಚಹಾಕ್ಕೆ ಹೋಗುತ್ತಿದ್ದ. ತಾಹಿರ್ ಮಾತಾಡದೆ ಬೆರಳೆತ್ತುತ್ತಿದ್ದ: ಒಂದು ಜೋಡಿ, ಇನ್ನೊಂದು ಜೋಡಿ. ಇಪ್ಪತ್ತೆರಡಕ್ಕೆ ನೂರಾ ಮೂವತ್ತೊಂಬತ್ತು. ಇಪ್ಪತ್ತಾರು ಬಂತು, ರಜೆ, ಬಾವುಟ ಹಾರಿತು, ಬ್ಲೇಡ್ ಹೋಗಲಿಲ್ಲ. ಇಪ್ಪತ್ತೇಳಕ್ಕೆ ನೂರಾ ನಲವತ್ತು. ಶಿವಕಾಂತಮ್ಮ ಬಾಗಿಲಿಗೆ ಅರ್ಜಿ ಅಂಟಿಸಲು ಜಾಗ ಇರಲಿ ಎಂದು ಮಾವಿನ ತೋರಣವನ್ನು ಸ್ವಲ್ಪ ಮೇಲೆ ಕಟ್ಟಿದಳು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಫೋನು ಬಂತು. ಕರುಣಾ.

"ಮಾಮಾ, ಅವ್ವ ನಿಮ್ಮಿಬ್ಬರಿಗೂ ಊಟಕ್ಕ ಕರಿಯಾಕತ್ತಾಳ. ಹೋಳಿಗಿ ಮಾಡ್ಯಾಳ. ಯಾಕಂತ ಕೇಳಿದ್ರ ಹೇಳಬ್ಯಾಡ ಅಂದಾಳ."

"ನಾ ಕೇಳೂದಿಲ್ಲ" ಅಂದ ಅಮೃತಪ್ಪ. ಫೋನಿಟ್ಟು ಕಟ್ಟೆಯ ಮೇಲೆ ಕೂತ. ಎದೆಯ ಮೇಲಿದ್ದ ಒಂದು ಫರ್ಸಿ ಕಲ್ಲನ್ನು ಯಾರೋ ಇಬ್ಬರು ಹಿಡಿದು ಇಳಿಸಿದ ಹಾಗಾಯಿತು. ಹದಿನೈದು ದಿನದಲ್ಲಿ ಮೊದಲ ಸಲ ಹಸಿವೂ ಆಯಿತು.

ದಂಡೋತಿಯ ದಾರಿಯಲ್ಲಿ ಲಾಲಮ್ಮನ ಒಂದೂವರೆ ಎಕರೆಯ ನಡುವೆ ಹೊಚ್ಚಹೊಸ ನೀಲಿ ತಾಡಪತ್ರಿ ಬಿಸಿಲಿಗೆ ಮಿಂಚುತ್ತಿತ್ತು. ಸುತ್ತ ಹಗ್ಗ ಬಿಗಿದಿತ್ತು.

"ಅದೇನು ತಂಗಿ?" ಎಂದು ಅಮೃತಪ್ಪ ಕೇಳಿದ.

"ಜ್ವಾಳದ ಚೀಲ್ರಿ" ಅಂದಳು ಲಾಲಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಈ ಜ್ವಾಳಕ್ಕೂ ಗಾಲಿ ಬಂದಾವ" ಅಂದಳು ಶಿವಕಾಂತಮ್ಮ. "ನಿಂಬಿಹಣ್ಣು ಕಟ್ಟಿಲ್ಲ ಯಾಕ?"

"ದೃಷ್ಟಿ-ಗಿಷ್ಟಿ ನಾವು ನಂಬೂದಿಲ್ರೀ ಅಕ್ಕಾರ. ಆದ್ರ ಬಾಜೂಕಿನ ಖಣಿಯಾಂವ ಒಂದಿನ ಕೊಡು ಅಂತ ಬರೂದನ್ನ ನಂಬ್ತೀವಿ. ನಾಳಿ ಸಾಹೇಬ್ರು ಬಂದು ನೋಡಿ ಕಾಗದದಾಗ ಬರಕೊಂಡು ಹೋಗ್ಲಿ, ಆಮ್ಯಾಲ ತೆಗೀತೀನಿ." ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆಯ ಮೇಲೆ ತಪ್ಪು ಹೊರಿಸಿದಳು. ಹೋಳಿಗೆ ಬೆಂದು ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಚಹಾಕ್ಕೆ ಕಟ್ಟಿಗೆ ಜೋಡಿಸಿ, ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅಮೃತಪ್ಪನಿಗೆ ತೋರಿಸಿದಳು. ಕಡ್ಡಿ ಗೀರಿ ಅದಕ್ಕೆ ಹಚ್ಚಿ ಒಲೆಗಿಟ್ಟಳು.

ಎರಡನೆಯ ಹೋಳಿಗೆ ಮುರಿಯುವಾಗ ಅಮೃತಪ್ಪನ ಫೋನೂ ಕರುಣಾಳ ಕೈಯ ಫೋನೂ ಒಟ್ಟಿಗೆ ಟಿಂಗ್ ಎಂದವು. 'ಮಷಿನ್ ಯಾವಾಗ?' ಗುಂಪಿನಲ್ಲಿ ನೂರಾ ಅರವತ್ಮೂರನೆಯವ ಬರೆದಿದ್ದ: ಯಾರಿಗಾದ್ರೂ ಬಂದದ ಏನ್ರಿ? ಜರಾ ಹೇಳ್ರಿ.

ಲಾಲಮ್ಮ ಕರುಣಾಳ ಕೈಯಿಂದ ಫೋನು ಇಸಕೊಂಡು ಓದಿದಳು. ತಿರುವಿ ಕೆಳಗಿಟ್ಟು ತುಪ್ಪ ಬಡಿಸಿದಳು. ಅಮೃತಪ್ಪ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದ: ಬಂದವರು ಯಾರೂ ಹೇಳುವುದಿಲ್ಲ. ನಿಮ್ಮದು ಯುಗಾದಿ ಆದ ಮೇಲೆ, ಮಾರ್ಚ್ ಕೊನೆಗೆ. ತಾಡಪತ್ರಿ ತಂದಿಟ್ಟುಕೊಳ್ಳಿರಿ.